ಬ್ಯಾಡ್-ಟೆಂಪರ್ಡ್, ಬ್ಲೂ-ಐಡ್: ಇಂಗ್ಲಿಷಿನ ಜೋಡಿ ವಿಶೇಷಣಗಳನ್ನು ಬಿಡಿಸಿ ಓದುವ ಬಗೆ

‘ಓಲ್ಡ್-ಫ್ಯಾಶನ್ಡ್’ ಪದದಲ್ಲಿ ಎಷ್ಟು ಸಿಲಬಲ್ (ಒಂದು ಸ್ವರದ ಸದ್ದನ್ನು ಹಿಡಿದು ನಿಲ್ಲುವ ತುಂಡು) ಇವೆ ಎಂದು ಕೇಳಿದರೆ, ನಮ್ಮ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯಲ್ಲಿ ಹೆಚ್ಚಿನ ಮಕ್ಕಳು ನಾಲ್ಕು ಬೆರಳು ಎತ್ತುತ್ತಾರೆ: ಓಲ್ಡ್, ಫ್ಯಾ, ಶ, ನೆಡ್. ಇರುವುದು ಮೂರೇ: ಓಲ್ಡ್, ಫ್ಯಾ, ಶನ್ಡ್. ಪದವಿ ಮುಗಿಸಿ ಸಂದರ್ಶನಕ್ಕೆ ತಯಾರಾಗುವ ಹುಡುಗ ಹುಡುಗಿಯರೂ ಇದೇ ನಾಲ್ಕನ್ನು ಹೇಳುತ್ತಾರೆ. ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಹಾಗೆ ಓದುವುದೇ ಇದಕ್ಕೆ ಕಾರಣ. ಬರೆದ ಸ್ವರವನ್ನೆಲ್ಲ ಉಚ್ಚರಿಸಬೇಕು ಎನ್ನುವುದು ನಮ್ಮ ಲಿಪಿ ಕಲಿಸಿದ ಪ್ರಾಮಾಣಿಕತೆ. ಇಂಗ್ಲಿಷ್ ಲಿಪಿಯಲ್ಲಿ ಆ ನಂಬಿಕೆ ನಡೆಯುವುದಿಲ್ಲ.

ನಾನು ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎರಡು ಪದ ಕೂಡಿ ಒಂದು ವಿಶೇಷಣವಾಗುವ ಇಂಥ ಜೋಡಿಗಳನ್ನು ಬೇರೆಯದೇ ಪಾಠವಾಗಿ ತೆಗೆದುಕೊಳ್ಳುತ್ತೇನೆ. ಉಚ್ಚಾರಣೆಯ ಮುಖ್ಯ ಸಂಗತಿಗಳೆಲ್ಲ ಇವುಗಳಲ್ಲಿ ಒಟ್ಟಿಗೆ ಸಿಗುತ್ತವೆ: ಸಿಲಬಲ್ ಎಣಿಕೆ, ಪದದ ಬಾಲದಲ್ಲಿ ಬರುವ ಇ-ಡಿ (ed), ಎರಡು ಪದ ಕೂಡುವ ಜಾಗದ ಸದ್ದು, ಎಲ್ಲಕ್ಕಿಂತ ಮಿಗಿಲಾಗಿ ಒತ್ತು, ಅಂದರೆ ಒಂದು ಸಿಲಬಲ್ಲನ್ನು ಉಳಿದವುಗಳಿಗಿಂತ ಎದ್ದು ಕೇಳಿಸುವ ಹಾಗೆ ಹೇಳುವುದು. ಇವು ಪರಕೀಯ ವಸ್ತುಗಳೂ ಅಲ್ಲ. ಬ್ಲೂ-ಐಡ್, ತ್ರೀ-ಲೆಗೆಡ್, ಕೈಂಡ್-ಹಾರ್ಟೆಡ್ ಎಲ್ಲವೂ ಅಪ್ಪಟ ಬಹುವ್ರೀಹಿಗಳು. ಮೂರು ಕಣ್ಣುಳ್ಳವನು ಮುಕ್ಕಣ್ಣ, ನಾಲ್ಕು ಮೊಗವುಳ್ಳವನು ನಾಲ್ಮೊಗ ಎಂದು ಕಲಿತ ಮಗುವಿಗೆ, ನೀಲಿ ಕಣ್ಣುಳ್ಳವರು ಬ್ಲೂ-ಐಡ್ ಎಂದರೆ ಅರ್ಥ ತಾನಾಗಿ ಹೊಳೆಯುತ್ತದೆ. ಪಾಶ್ಚಾತ್ಯ ಭಾಷಾಶಾಸ್ತ್ರಜ್ಞರೂ ಇಂಥ ಸಮಾಸಗಳಿಗೆ ‘ಬಹುವ್ರೀಹಿ’ ಎಂಬ ನಮ್ಮ ಹೆಸರನ್ನೇ ಬಳಸುತ್ತಾರೆ.

ಮೊದಲ ಗೆರೆ ಕೀಲಿನ ಮೇಲೆ

ಪದವನ್ನು ನೋಡಿದ ಕೂಡಲೇ ಸಿಲಬಲ್ ಎಣಿಸಲು ಹೋಗಬೇಡಿ. ಎರಡು ಪದ ಕೂಡಿದ ಕೀಲು ಎಲ್ಲಿದೆ ಎಂದು ನೋಡಿ, ಅಲ್ಲಿ ಪೆನ್ಸಿಲಿನಿಂದ ಒಂದು ಉದ್ದ ಗೆರೆ ಎಳೆಯಿರಿ. ಹೈಫನ್ ಇದ್ದರೆ ಕೆಲಸ ಸುಲಭ. ವಾಟರ್‌ಪ್ರೂಫ್, ಹಾರ್ಟ್‌ಬ್ರೋಕನ್, ಟ್ರಸ್ಟ್‌ವರ್ದಿ, ಬ್ರೆತ್‌ಟೇಕಿಂಗ್ ಥರದವು ಹೈಫನ್ ಇಲ್ಲದೆ ಅಂಟಿಕೊಂಡಿರುತ್ತವೆ. ಅಲ್ಲಿ ಅರ್ಥವನ್ನು ನೋಡಿ ಕೀಲನ್ನು ಹುಡುಕಬೇಕು.

ಇದನ್ನೇ ಮೊದಲು ಮಾಡುವುದಕ್ಕೆ ಕಾರಣವಿದೆ. ಒಂದೇ ಪದದ ಒಳಗೆ ಇಂಗ್ಲಿಷಿನ ವ್ಯಂಜನ ಸಾಮಾನ್ಯವಾಗಿ ಮುಂದಿನ ಸ್ವರದ ಕಡೆಗೆ ವಾಲುತ್ತದೆ. ಜೋಡಿಪದದ ಕೀಲಿನಲ್ಲಿ ಹಾಗೆ ವಾಲಲು ಬಿಡಬಾರದು. ಹಾರ್ಡ್-ಅರ್ನ್ಡ್ ಪದವನ್ನು ಕೀಲು ನೋಡದೆ ಒಡೆದರೆ ‘ಹಾರ್, ಡರ್ನ್ಡ್’ ಆಗಿ ಯಾವ ಪದವೂ ಉಳಿಯುವುದಿಲ್ಲ. ಕೀಲಿನ ಗೆರೆ ಮೊದಲು, ಉಳಿದ ಗೆರೆಗಳು ಆಮೇಲೆ.

ಗೆರೆಯ ಎರಡೂ ಬದಿಯಲ್ಲಿ ಈಗ ಸ್ವರದ ಸದ್ದುಗಳನ್ನು ಎಣಿಸಿ. ಎಣಿಸಬೇಕಾದದ್ದು ಕಿವಿಗೆ ಕೇಳುವ ಸ್ವರವನ್ನು, ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. ‘ವನ್-ಐಡ್’ ಬರೆಯುವಾಗ ಒ, ಇ, ಇ, ವೈ, ಇ ಎಂದು ಐದು ಅಕ್ಷರ ಸ್ವರದಂತೆ ಕಾಣುತ್ತವೆ, ಕೇಳುವ ಸ್ವರ ಎರಡೇ. ಆದ್ದರಿಂದ ಸಿಲಬಲ್ಲೂ ಎರಡೇ.

ಇಂಗ್ಲಿಷ್ ಸಿಲಬಲ್ ವ್ಯಂಜನದಲ್ಲಿ ಮುಗಿಯುವುದು ನಮ್ಮವರಿಗೆ ವಿಚಿತ್ರವೆನಿಸುತ್ತದೆ ಎಂದು ಕೆಲವು ಅಧ್ಯಾಪಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವ ಮಗು, ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಬರೆಯುತ್ತದೆ. ‘ಅಕ್ಕ’ದಲ್ಲಿ ಅ ಗುರುವಾಗುವುದು ಮೊದಲ ಕಕಾರ ಹಿಂದಿನ ಅಕಾರಕ್ಕೆ ಆತುಕೊಳ್ಳುವುದರಿಂದ: ಅಕ್, ಕ. ವ್ಯಂಜನದಿಂದ ಮುಚ್ಚಿದ ಸಿಲಬಲ್ ನಮ್ಮ ಛಂದಸ್ಸಿನಲ್ಲೇ ಕೂತಿದೆ. ನಮಗೆ ಹೊಸದು ಪದದ ಕಟ್ಟಕಡೆಯಲ್ಲಿ ವ್ಯಂಜನವನ್ನು ಹಾಗೇ ಬಿಡುವುದು. ಅಲ್ಲಿ ನಮ್ಮ ನಾಲಿಗೆ ಉಕಾರ ಸೇರಿಸುತ್ತದೆ. ಬಸ್ಸು, ಕಾರು ಎಂದ ಹಾಗೆ ‘ಬ್ಯಾಡು ಟೆಂಪರ್ಡು’ ಎಂದುಬಿಟ್ಟರೆ ಮೂರು ಸಿಲಬಲ್ ಐದಾಗುತ್ತವೆ. ಪದದ ಮೊದಲಲ್ಲೂ ಇಂಥದೇ ಇನ್ನೊಂದು ಇದೆ: ‘ಇಸ್ಕೂಲು’ ಎನ್ನುವ ಅಭ್ಯಾಸದವರು ಸ್ಟ್ರಾಂಗ್-ವಿಲ್ಡ್ ಅನ್ನು ‘ಇಸ್ಟ್ರಾಂಗ್’ ಎಂದು ಶುರು ಮಾಡುತ್ತಾರೆ. ಸಕಾರವನ್ನು ಹಾವಿನ ಹಾಗೆ ಉದ್ದ ಎಳೆದು ನೇರವಾಗಿ ಟಕಾರಕ್ಕೆ ಇಳಿಸಿದರೆ ಆ ಇಕಾರ ಬಿಟ್ಟುಹೋಗುತ್ತದೆ.

ಇ-ಡಿ ಬಾಲ

ಇಲ್ಲಿ ನಿಧಾನಿಸಿ. ನಮ್ಮವರ ಎಣಿಕೆ ಹೆಚ್ಚಾಗಿ ತಪ್ಪುವುದು ಇಲ್ಲೇ.

ಬಾಲದ ಇ-ಡಿಗೆ ಮೂರು ಸದ್ದುಗಳಿವೆ. ಅದರ ಹಿಂದಿನ ಸದ್ದು ಟ್ ಅಥವಾ ಡ್ ಆಗಿದ್ದರೆ ಮಾತ್ರ ಬಾಲಕ್ಕೆ ತನ್ನದೇ ಸಿಲಬಲ್ ಸಿಗುತ್ತದೆ, ಇಡ್ ಎಂದು. ಓಪನ್-ಮೈಂಡೆಡ್ ನಾಲ್ಕು: ಓ, ಪನ್, ಮೈನ್, ಡಿಡ್. ಶಾರ್ಟ್-ಸೈಟೆಡ್ ಮೂರು. ಕೋಲ್ಡ್-ಬ್ಲಡೆಡ್, ಲೆಫ್ಟ್-ಹ್ಯಾಂಡೆಡ್, ವನ್-ಸೈಡೆಡ್, ಡೀಪ್-ರೂಟೆಡ್ ಎಲ್ಲವೂ ಮೂರು ಮೂರು. ಬಾಯಿಗೆ ಬೇರೆ ದಾರಿ ಇಲ್ಲ. ಡ್ ಮೇಲೆ ಇನ್ನೊಂದು ಡ್ ಹೇಳಬೇಕೆಂದರೆ ನಡುವೆ ಒಂದು ಸ್ವರ ಬೇಕೇ ಬೇಕು.

ಉಳಿದ ಕಡೆ ಬಾಲ ಹಿಂದಿನ ಸಿಲಬಲ್ಲಿಗೆ ಅಂಟಿಕೊಳ್ಳುತ್ತದೆ, ಎಣಿಕೆ ಏರುವುದಿಲ್ಲ. ಅದು ಟ್ ಆಗುತ್ತದೋ ಡ್ ಆಗುತ್ತದೋ ಎಂದು ತಿಳಿಯಲು ನಮ್ಮ ವರ್ಣಮಾಲೆಯೇ ಸಾಕು. ಕವರ್ಗದಿಂದ ಪವರ್ಗದವರೆಗಿನ ಪ್ರತಿ ಸಾಲಿನ ಮೊದಲ ಎರಡು ಅಕ್ಷರಗಳು ಅಘೋಷ. ಅವುಗಳ ಜೊತೆಗೆ ಶ, ಸ ಮತ್ತು ಇಂಗ್ಲಿಷಿನ ಫ಼ ಸೇರಿಸಿಕೊಳ್ಳಿ. ಹಿಂದಿನ ಸದ್ದು ಈ ಗುಂಪಿನದಾದರೆ ಬಾಲ ಟ್: ವೆಲ್-ಡ್ರೆಸ್ಟ್, ಟೂ-ಫೇಸ್ಟ್, ಹಾಫ್-ಬೇಕ್ಟ್. ಮೂರೂ ಎರಡೆರಡು ಸಿಲಬಲ್. ಹಿಂದಿನ ಸದ್ದು ಘೋಷ ವ್ಯಂಜನವೋ ಸ್ವರವೋ ಆದರೆ ಬಾಲ ಡ್: ಬ್ಲೂ-ಐಡ್, ಲಾಂಗ್-ಹೇರ್ಡ್, ಥಿಕ್-ಸ್ಕಿನ್ಡ್, ಫೋರ್-ವೀಲ್ಡ್. ಇವೂ ಎರಡೆರಡೇ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ಕಕಾರ ನೆರೆಯವರ ಘೋಷಕ್ಕೆ ಹೊಂದಿಕೊಂಡು ಗಕಾರವಾಗುತ್ತದೆ. ಇಂಗ್ಲಿಷಿನಲ್ಲಿ ಡ್ ನೆರೆಯವರ ಅಘೋಷಕ್ಕೆ ಹೊಂದಿಕೊಂಡು ಟ್ ಆಗುತ್ತದೆ. ಆದೇಶ ಸಂಧಿ ಕಲಿತ ತರಗತಿಯಲ್ಲಿ ಇದನ್ನು ಹೇಳಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಅನುಮಾನ ಬಂದರೆ ಗಂಟಲ ಮೇಲೆ ಬೆರಳಿಟ್ಟು ಹಿಂದಿನ ಸದ್ದನ್ನು ಎಳೆದು ನೋಡಿ. ಸ್ಸ್ಸ್ ಎಂದಾಗ ಗಂಟಲು ಸುಮ್ಮನಿರುತ್ತದೆ, ನ್ನ್ನ್ ಎಂದಾಗ ನಡುಗುತ್ತದೆ.

ಈ ನಿಯಮವನ್ನು ಮೀರುವ ಒಂದು ಸಣ್ಣ ಗುಂಪಿದೆ, ಅದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ನೇಕೆಡ್, ವಿಕೆಡ್, ಕ್ರುಕೆಡ್, ರಗೆಡ್, ರೆಚೆಡ್ ಇವುಗಳಲ್ಲಿ ಹಿಂದಿನ ಸದ್ದು ಏನೇ ಇದ್ದರೂ ಬಾಲ ಪೂರ್ತಿ ಸಿಲಬಲ್. ಜೋಡಿಪದಗಳಲ್ಲಿ ಇದು ತಲೆದೋರುವುದು ‘ಲೆಗೆಡ್’ನಲ್ಲಿ. ತ್ರೀ-ಲೆಗೆಡ್ ಎಂದು ಮೂರು ಸಿಲಬಲ್ ಮಾಡಿ ಹೇಳುವುದು ವ್ಯಾಪಕ, ತ್ರೀ-ಲೆಗ್ಡ್ ಎಂದು ಎರಡು ಮಾಡುವುದೂ ಇದೆ. ಆಟದ ದಿನ ಇಬ್ಬರ ಕಾಲು ಕಟ್ಟಿ ಓಡಿಸುವ ಓಟಕ್ಕೆ ಮಾತ್ರ ಲೆಗೆಡ್ ಎಂದೇ ಹೇಳಿ. ಇನ್ನೊಂದು ಪದ ಏಜ್ಡ್. ವಯಸ್ಸಾದ ಮುದುಕರನ್ನು ‘ಏಜೆಡ್’ ಎನ್ನುವಾಗ ಎರಡು ಸಿಲಬಲ್. ‘ಮಿಡಲ್-ಏಜ್ಡ್’ ಎನ್ನುವಾಗ ಅದೇ ಅಕ್ಷರಗಳು ಒಂದೇ ಸಿಲಬಲ್, ಒಟ್ಟು ಮೂರು.

ಕೀಲಿನ ಸದ್ದು

ಕಾಗದದ ಮೇಲೆ ಎಳೆದ ಗೆರೆ ಬಾಯಲ್ಲಿ ನಿಲುಗಡೆಯಾಗಬಾರದು. ಬ್ಲೂ, ಆಮೇಲೆ ಉಸಿರು, ಆಮೇಲೆ ಐಡ್ ಎಂದರೆ ಅದು ಜೋಡಿಪದವೇ ಅಲ್ಲ.

ಸ್ವರಕ್ಕೆ ಸ್ವರ ಎದುರಾದರೆ ನಮ್ಮ ಆಗಮ ಸಂಧಿಯೇ ಅಲ್ಲೂ ನಡೆಯುತ್ತದೆ. ಗುರು, ಅನ್ನು ಸೇರಿ ಗುರುವನ್ನು ಆದ ಹಾಗೆ ಊಕಾರದ ಬಳಿಕ ತೆಳುವಾದ ವಕಾರ: ಬ್ಲೂ(ವ್)ಐಡ್. ಮನೆ, ಅನ್ನು ಸೇರಿ ಮನೆಯನ್ನು ಆದ ಹಾಗೆ ಈಕಾರದ ಬಳಿಕ ತೆಳು ಯಕಾರ: ತ್ರೀ(ಯ್)ಇಂಚ್. ಕನ್ನಡಿಗರಿಗೆ ಇದು ಉಚಿತವಾಗಿ ಬಂದ ಆಸ್ತಿ. ಒಂದು ಎಚ್ಚರಿಕೆ ಏನೆಂದರೆ ಆಗಮ ಬರಬೇಕಾದದ್ದು ಕೀಲಿನಲ್ಲಿ ಮಾತ್ರ. ‘ವೋಲ್ಡ್-ಫ್ಯಾಶನ್ಡ್’, ‘ವೋಪನ್-ಮೈಂಡೆಡ್’ ಎಂದು ಪದದ ಮೊದಲಲ್ಲೇ ವಕಾರ ಹಾಕುವುದನ್ನು ಬಿಡಬೇಕು. ಓಕಾರವನ್ನು ತುಟಿ ದುಂಡಗೆ ಮಾಡಿಕೊಂಡು ನೇರವಾಗಿ ಶುರು ಮಾಡಿ.

ಒಂದೇ ವ್ಯಂಜನ ಎರಡು ಕಡೆಯಿಂದ ಬಂದು ಸೇರಿದರೆ ಅದನ್ನು ಎರಡು ಸಲ ಸಿಡಿಸಬೇಡಿ. ಹೋಮ್-ಮೇಡ್‌ನ ಮಕಾರ ‘ಅಮ್ಮ’ದ ಮಕಾರದಷ್ಟು ಉದ್ದ, ಒಂದೇ ಹಿಡಿತ. ಪಾರ್ಟ್-ಟೈಮ್‌ನ ಟಕಾರಕ್ಕೂ ಇದೇ ಮಾತು: ನಾಲಿಗೆ ಒಂದು ಸಲ ಅಂಟಿ, ತುಸು ಕಾದು, ಒಂದು ಸಲ ಬಿಡುತ್ತದೆ.

ಮೂರು ವ್ಯಂಜನ ಒಟ್ಟಿಗೆ ಸೇರಿ ನಡುವಿನದು ಟ್ ಅಥವಾ ಡ್ ಆಗಿದ್ದರೆ ಇಂಗ್ಲಿಷ್ ಮಾತನಾಡುವವರೇ ಅದನ್ನು ಹಲವು ಬಾರಿ ನುಂಗುತ್ತಾರೆ. ಫಸ್ಟ್-ಕ್ಲಾಸ್ ಸರಾಗ ಮಾತಿನಲ್ಲಿ ಫಸ್-ಕ್ಲಾಸ್ ಆಗುತ್ತದೆ, ಸಾಫ್ಟ್-ಸ್ಪೋಕನ್ ಸಾಫ್-ಸ್ಪೋಕನ್ ಆಗುತ್ತದೆ, ಓಲ್ಡ್-ಫ್ಯಾಶನ್ಡ್‌ನ ಮೊದಲ ಡಕಾರ ಕೇಳಿಸುವುದೇ ಇಲ್ಲ. ಹಕಾರದ ಮುಂದೆ ಮಾತ್ರ ಹೀಗೆ ನುಂಗುವುದಿಲ್ಲ. ಲೆಫ್ಟ್-ಹ್ಯಾಂಡೆಡ್‌ನ ಟಕಾರ, ಕೈಂಡ್-ಹಾರ್ಟೆಡ್‌ನ ಡಕಾರ ಉಳಿದುಕೊಳ್ಳುತ್ತವೆ. ಕಲಿಯುವವರು ನುಂಗಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಮೂರೂ ವ್ಯಂಜನಗಳನ್ನು ಉಳಿಸುವ ಹಟದಲ್ಲಿ ನಡುವೆ ಉಕಾರ ತೂರಿಸುವುದಕ್ಕಿಂತ ನುಂಗುವುದೇ ಎಷ್ಟೋ ಮೇಲು.

ಒತ್ತು

ಇಷ್ಟು ಹೊತ್ತು ಹೇಳಿದ್ದೆಲ್ಲ ಸರಿಯಿದ್ದು ಒತ್ತು ತಪ್ಪಿದರೆ ಕೇಳುವವರಿಗೆ ಪದ ಸಿಗುವುದಿಲ್ಲ. ನಮ್ಮ ಮಾತಿಗೆ ನಮ್ಮ ಊರಿನ ದನಿ ಇರಲಿ, ಅದನ್ನು ಬಿಡಬೇಕಾಗಿಲ್ಲ. ಲಂಡನ್ನಿನವರ ಹಾಗೆ ಕೇಳಿಸುವುದು ಗುರಿಯೂ ಅಲ್ಲ. ಒತ್ತು ಮಾತ್ರ ದನಿಯ ಸಂಗತಿಯಲ್ಲ, ಅದು ಪದದ ಅಂಗ. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥ ಬದಲಾಗದ ಕಾರಣ ನಮ್ಮ ಕಿವಿ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ.

ಸಮಾಸದಲ್ಲಿ ಸ್ವರ (ಇಲ್ಲಿ ದನಿಯ ಏರಿಳಿತ ಎಂಬ ಅರ್ಥ) ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದ ಹಳೆಯ ಕಥೆಯೊಂದಿದೆ. ಪತಂಜಲಿಯ ವ್ಯಾಕರಣ ಗ್ರಂಥ ಮಹಾಭಾಷ್ಯದಲ್ಲಿ ಅದರ ಉಲ್ಲೇಖ ಬರುತ್ತದೆ. ದೇವಶಿಲ್ಪಿ ತ್ವಷ್ಟೃ ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ‘ಇಂದ್ರಶತ್ರು’ ಎಂದು ಮಂತ್ರ ಹೇಳಿ ಹೋಮ ಮಾಡಿದ. ಉದಾತ್ತ ಸ್ವರ, ಅಂದರೆ ಎತ್ತರದ ದನಿ, ಕೊನೆಯ ಅಕ್ಷರದ ಮೇಲಿದ್ದರೆ ಅದು ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಅವನ ಸ್ವರ ಮೊದಲಿಗೆ ಬಿದ್ದು ಬಹುವ್ರೀಹಿಯಾಯಿತು: ಯಾರನ್ನು ಇಂದ್ರ ಕೊಲ್ಲುತ್ತಾನೋ ಅವನು. ವೃತ್ರ ಹುಟ್ಟಿದ, ಇಂದ್ರನ ಕೈಯಲ್ಲಿ ಸತ್ತ. ಇಂಗ್ಲಿಷಿನಲ್ಲಿ ಇಂಥ ಅನಾಹುತ ಆಗದಿದ್ದರೂ ಅರ್ಥ ಬದಲಾಗುವುದು ನಿಜ. ‘ಇಂಗ್ಲಿಷ್ ಟೀಚರ್’ ಎನ್ನುವಾಗ ಒತ್ತು ‘ಇಂಗ್’ ಮೇಲೆ ಬಿದ್ದರೆ ಇಂಗ್ಲಿಷ್ ವಿಷಯ ಕಲಿಸುವವರು, ಅಂದರೆ ನಾನು. ‘ಟೀ’ ಮೇಲೆ ಬಿದ್ದರೆ ಇಂಗ್ಲೆಂಡಿನವರಾದ ಟೀಚರು.

ಒತ್ತು ಕೊಡಿ ಎಂದರೆ ಮಕ್ಕಳು ಕಿರುಚುತ್ತಾರೆ. ಕಿರುಚುವುದು ಬೇಡ. ಆ ಸಿಲಬಲ್ಲಿನ ಸ್ವರವನ್ನು ತುಸು ಉದ್ದ ಮಾಡಿ, ದನಿಯನ್ನು ತುಸು ಮೇಲಕ್ಕೆ ಎತ್ತಿ, ಪಕ್ಕದ ಸಿಲಬಲ್‌ಗಳನ್ನು ಮೆತ್ತಗೆ ಮಾಡಿ. ಮೆತ್ತಗೆ ಮಾಡುವುದೇ ನಮಗೆ ಕಷ್ಟ. ಟೆಂಪರ್ಡ್‌ನ ‘ಪರ್ಡ್’, ಫ್ಯಾಶನ್ಡ್‌ನ ‘ಶನ್ಡ್’, ಸೆಕೆಂಡ್‌ನ ‘ಕೆಂಡ್’ ಇವುಗಳ ಸ್ವರ ಅರೆಬಾಯಿ ತೆರೆದ ಸಣ್ಣ ಅಕಾರ, ಅಷ್ಟೇ. ಅವಕ್ಕೆ ಪೂರ್ಣ ಮಾತ್ರೆ ಕೊಡಬೇಡಿ.

ಒತ್ತು ಎಲ್ಲಿ ಬೀಳುತ್ತದೆ? ಮೊದಲು ಎರಡು ಬಣ ಮಾಡಿಕೊಳ್ಳಿ. ಕೆಳಗಿನ ಉದಾಹರಣೆಗಳಲ್ಲಿ ˈ ಗುರುತಿನ ನಂತರ ಬರುವ ಸಿಲಬಲ್ಲಿಗೆ ಮುಖ್ಯ ಒತ್ತು.

ದೊಡ್ಡ ಬಣದಲ್ಲಿ ಮುಖ್ಯ ಒತ್ತು ಎರಡನೇ ಪದದ ಮೇಲೆ, ಮೊದಲ ಪದಕ್ಕೆ ಕಿರಿಯ ಒತ್ತು. ಮೊದಲ ಪದ ಗುಣವನ್ನೋ ಸಂಖ್ಯೆಯನ್ನೋ ಹೇಳುವ ಜೋಡಿಗಳು ಬಹುಪಾಲು ಇಲ್ಲಿಯವು: ಬ್ಯಾಡ್-ˈಟೆಂಪರ್ಡ್, ಓಲ್ಡ್-ˈಫ್ಯಾಶನ್ಡ್, ಗುಡ್-ˈಲುಕಿಂಗ್, ಹಾರ್ಡ್-ˈವರ್ಕಿಂಗ್, ವೆಲ್-ˈನೋನ್, ಸೆಕೆಂಡ್-ˈಹ್ಯಾಂಡ್, ಫುಲ್-ˈಟೈಮ್. ಹೋಲಿಕೆ ಹೇಳುವ ಸ್ನೋ-ˈವೈಟ್, ಅತಿಶಯ ಹೇಳುವ ಬ್ರ್ಯಾಂಡ್-ˈನ್ಯೂ, ಫ್ರೀ ಎಂದು ಮುಗಿಯುವ ಡ್ಯೂಟಿ-ˈಫ್ರೀ, ಶುಗರ್-ˈಫ್ರೀ, ಜೊತೆಗೆ ಯೂಸರ್-ˈಫ್ರೆಂಡ್ಲಿ, ವರ್ಲ್ಡ್-ˈಫೇಮಸ್, ಸೆಲ್ಫ್-ˈಮೇಡ್ ಕೂಡ ಇದೇ ಬಣ.

ಚಿಕ್ಕ ಬಣದಲ್ಲಿ ಮುಖ್ಯ ಒತ್ತು ಮೊದಲ ಪದದ ಮೇಲೇ ಗಟ್ಟಿಯಾಗಿ ಕೂತಿರುತ್ತದೆ. ಮೊದಲನೆಯದು ನಾಮಪದ, ಎರಡನೆಯದು ಅದರ ಮೇಲೆ ನಡೆಯುವ ಕ್ರಿಯೆ ಎಂಬಂಥವು: ˈಟೈಮ್-ಕನ್ಸ್ಯೂಮಿಂಗ್ ಎಂದರೆ ಸಮಯವನ್ನು ತಿನ್ನುವಂಥದ್ದು, ˈರೆಕಾರ್ಡ್-ಬ್ರೇಕಿಂಗ್ ಎಂದರೆ ದಾಖಲೆಯನ್ನು ಮುರಿಯುವಂಥದ್ದು, ˈಐ-ಕ್ಯಾಚಿಂಗ್ ಎಂದರೆ ಕಣ್ಣನ್ನು ಸೆಳೆಯುವಂಥದ್ದು. ನಡುವೆ ‘ಅನ್ನು’ ವಿಭಕ್ತಿ ಹಾಕಿ ಬಿಡಿಸಲು ಬಂದರೆ ಒತ್ತು ಮೊದಲಿಗೆ ಎಂದು ನನ್ನ ಮಕ್ಕಳು ನೆನಪಿಟ್ಟುಕೊಂಡಿದ್ದಾರೆ, ಈ ಗುರುತು ಬಹಳ ಮಟ್ಟಿಗೆ ಕೈಕೊಡುವುದಿಲ್ಲ. ಪ್ರೂಫ್, ವರ್ದಿ, ಸಿಕ್, ಲೈಕ್ ಎಂದು ಮುಗಿಯುವವೂ ಇಲ್ಲೇ ಸೇರುತ್ತವೆ: ˈವಾಟರ್‌ಪ್ರೂಫ್, ˈಟ್ರಸ್ಟ್‌ವರ್ದಿ, ˈಹೋಮ್‌ಸಿಕ್, ˈಚೈಲ್ಡ್‌ಲೈಕ್. ನಾಮಪದದ ಬಳಿಕ ಭೂತಕೃದಂತ (ಬ್ರೋಕನ್, ಮೇಡ್ ಥರದ ಕ್ರಿಯಾರೂಪ) ಬಂದಾಗ ಮಾತ್ರ ನಿಯಮ ಒಡೆಯುತ್ತದೆ. ˈಹಾರ್ಟ್‌ಬ್ರೋಕನ್ ಮೊದಲ ಪದದ ಮೇಲೆ, ಹೋಮ್-ˈಮೇಡ್ ಮತ್ತು ಹ್ಯಾಂಡ್-ˈಮೇಡ್ ಎರಡನೆಯದರ ಮೇಲೆ. ಅಲ್ಲಿ ನಿಘಂಟು ನೋಡುವುದೇ ದಾರಿ.

ಈಗ ಇಡೀ ಪಾಠದ ತಿರುಳು. ದೊಡ್ಡ ಬಣದ ಪದಗಳ ಒತ್ತು ನಿಂತಲ್ಲೇ ನಿಲ್ಲುವುದಿಲ್ಲ. ವಾಕ್ಯದ ಕೊನೆಯಲ್ಲಿ ‘ದಿ ಡಾಗ್ ಈಸ್ ಬ್ಯಾಡ್-ˈಟೆಂಪರ್ಡ್’ ಎನ್ನುತ್ತೇವೆ. ಅದೇ ಪದ ನಾಮಪದದ ಮುಂದೆ ಬಂದು ನಿಂತ ಕೂಡಲೇ ಒತ್ತು ಹಿಂದಕ್ಕೆ ಸರಿಯುತ್ತದೆ: ‘ಎ ˈಬ್ಯಾಡ್-ಟೆಂಪರ್ಡ್ ˈಡಾಗ್’. ಡಾಗ್‌ಗೆ ತನ್ನದೇ ಬಲವಾದ ಒತ್ತು ಇರುವುದರಿಂದ ಅದಕ್ಕೆ ತೀರ ಹತ್ತಿರದಲ್ಲಿ ಇನ್ನೊಂದು ಬಲವಾದ ಒತ್ತನ್ನು ಇಂಗ್ಲಿಷ್ ಸಹಿಸುವುದಿಲ್ಲ. ಎರಡರ ನಡುವೆ ಉಸಿರಾಡಲು ಜಾಗ ಬೇಕು. ಅಂಕಿಗಳಲ್ಲೂ ಹೀಗೆಯೇ: 13 ಒಂಟಿಯಾಗಿದ್ದಾಗ ಥರ್ˈಟೀನ್, ಪುಸ್ತಕಗಳ ಮುಂದೆ ˈಥರ್ಟೀನ್ ˈಬುಕ್ಸ್. ಚಿಕ್ಕ ಬಣಕ್ಕೆ ಈ ಓಡಾಟ ಇಲ್ಲ. ವಾಟರ್‌ಪ್ರೂಫ್ ಎಲ್ಲೇ ಇರಲಿ, ಒತ್ತು ‘ವಾ’ ಮೇಲೆ.

ಹೈಫನ್ನಿಗೂ ಇದಕ್ಕೂ ನಂಟಿದೆ. ‘ವೆಲ್-ನೋನ್ ರೈಟರ್’ ಎಂದು ನಾಮಪದದ ಮುಂದೆ ಬರೆಯುವಾಗ ಹೈಫನ್ ಹಾಕುತ್ತಾರೆ. ‘ದಿ ರೈಟರ್ ಈಸ್ ವೆಲ್ ನೋನ್’ ಎಂದು ಕೊನೆಯಲ್ಲಿ ಬಂದಾಗ ಅನೇಕರು ಹೈಫನ್ ಬಿಡುತ್ತಾರೆ. ‘ವೆಲ್’ ಪದದ ಜೋಡಿಗಳಲ್ಲಿ ಹೈಫನ್ ಕಂಡರೆ ಮುಂದೆ ನಾಮಪದ ಇದೆ, ಒತ್ತನ್ನು ಹಿಂದಕ್ಕೆ ತರಬೇಕು ಎಂಬ ಸೂಚನೆ ಓದುವ ಕಣ್ಣಿಗೆ ಮೊದಲೇ ಸಿಕ್ಕ ಹಾಗಾಯಿತು.

ತರಗತಿಯಲ್ಲಿ ನಾನು ಇದನ್ನು ಬೆಂಚು ತಟ್ಟಿಸಿ ಮಾಡಿಸುತ್ತೇನೆ. ಅಂಗೈಯಿಂದ ಬಲವಾದ ತಟ್ಟು ಮುಖ್ಯ ಒತ್ತಿಗೆ, ಒಂದು ಬೆರಳಿನ ತಟ್ಟು ಉಳಿದ ಸಿಲಬಲ್‌ಗೆ. ಅರ್ಧ ತರಗತಿ ‘ಶಿ ಈಸ್ ಗುಡ್-ˈಲುಕಿಂಗ್’ ಎಂದು ತಟ್ಟಿದರೆ, ಉಳಿದರ್ಧ ‘ಎ ˈಗುಡ್-ಲುಕಿಂಗ್ ˈಗರ್ಲ್’ ಎಂದು ತಟ್ಟುತ್ತದೆ. ಅಂಗೈ ಜಾಗ ಬದಲಿಸಿದ್ದು ಕೈಗೇ ಗೊತ್ತಾಗುತ್ತದೆ. ಮನೆಯಲ್ಲಿ ಒಬ್ಬರೇ ಇದ್ದರೆ ಫೋನಿನಲ್ಲಿ ಎರಡೂ ವಾಕ್ಯ ರೆಕಾರ್ಡ್ ಮಾಡಿ ಒಂದರ ಹಿಂದೆ ಒಂದು ಕೇಳಿ. ಎರಡೂ ಒಂದೇ ಥರ ಕೇಳಿಸಿದರೆ ಒತ್ತು ಸರಿದಿಲ್ಲ.

ನಿಘಂಟು ಓದುವಾಗ

ನಿಘಂಟಿನ ಉಚ್ಚಾರಣೆಯ ಸಾಲಿನಲ್ಲಿ ಮೇಲೆ ನಿಂತ ಸಣ್ಣ ಗೀಟು ಮುಖ್ಯ ಒತ್ತು, ಕೆಳಗೆ ನಿಂತದ್ದು ಕಿರಿಯ ಒತ್ತು. ಎರಡೂ ಒತ್ತು ಬೀಳುವ ಸಿಲಬಲ್ಲಿನ ಮುಂಚೆ ಬರುತ್ತವೆ, ನಂತರವಲ್ಲ. ಒಂದು ಜೋಡಿಪದದಲ್ಲಿ ಮೊದಲು ಕೆಳಗೀಟು, ಆಮೇಲೆ ಮೇಲ್ಗೀಟು ಕಂಡರೆ ಅದು ದೊಡ್ಡ ಬಣದ್ದು, ಅದರ ಒತ್ತು ಸರಿಯುತ್ತದೆ ಎಂದು ತಿಳಿಯಿರಿ. ಜಾನ್ ವೆಲ್ಸ್ 1990ರಲ್ಲಿ ಹೊರತಂದ ಲಾಂಗ್‌ಮನ್ ಉಚ್ಚಾರಣಾ ನಿಘಂಟಿನಲ್ಲಿ, ಒತ್ತು ಹೀಗೆ ಸರಿಯುವ ಪದಗಳಿಗೆ ಎಡಕ್ಕೆ ಮುಖ ಮಾಡಿದ ಸಣ್ಣ ತ್ರಿಕೋನದ ಗುರುತನ್ನೇ ಹಾಕಿದ್ದಾರೆ.

ತಲೆಪದದ ನಡುವಿನ ಚುಕ್ಕಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನ ಚುಕ್ಕಿಗಳು ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದು ಎಂದು ಹೇಳುತ್ತವೆ, ಸಿಲಬಲ್ ಎಲ್ಲಿ ಒಡೆಯುತ್ತದೆ ಎಂದಲ್ಲ. ಮುರಿಯುವ ಪದ್ಧತಿಯೂ ಎರಡು ಕಡೆ ಬೇರೆ ಬೇರೆ: ಅಮೆರಿಕದವರು ಹೆಚ್ಚಾಗಿ ಸದ್ದನ್ನು ನೋಡಿ ಮುರಿಯುತ್ತಾರೆ, ಬ್ರಿಟನ್ನಿನವರು ಪದದ ಮೂಲವನ್ನು ನೋಡಿ. ಜೋಡಿಪದಕ್ಕೆ ಹೈಫನ್ ಇದ್ದರೆ ಸಾಲಿನ ಕೊನೆಯಲ್ಲಿ ಅಲ್ಲೇ ಮುರಿಯಿರಿ, ಬೇರೆಡೆ ಎರಡನೇ ಹೈಫನ್ ಹಾಕಿದರೆ ಓದುವವರು ಎಡವುತ್ತಾರೆ.

ಈಗ ಇವನ್ನು ಬಿಡಿಸಿ ನೋಡಿ: ಫಾರ್-ಫೆಚ್ಟ್, ನ್ಯಾರೋ-ಮೈಂಡೆಡ್, ಮೌತ್-ವಾಟರಿಂಗ್, ಸೆಲ್ಫ್-ಎಂಪ್ಲಾಯ್ಡ್, ಬ್ರಾಡ್-ಶೋಲ್ಡರ್ಡ್. ಮೊದಲನೆಯದು ಎರಡು ಸಿಲಬಲ್, ಬಾಲ ಟ್, ಒತ್ತು ‘ಫೆಚ್’ ಮೇಲೆ. ಎರಡನೆಯದು ನಾಲ್ಕು, ಬಾಲ ಇಡ್, ಒತ್ತು ‘ಮೈನ್’ ಮೇಲೆ. ಮೂರನೆಯದು ನಾಲ್ಕು, ಒತ್ತು ‘ಮೌತ್’ ಮೇಲೆ, ಅದು ಅಲ್ಲಿಂದ ಕದಲುವುದಿಲ್ಲ. ನಾಲ್ಕನೆಯದು ಮೂರು, ಬಾಲ ಡ್, ಒತ್ತು ‘ಪ್ಲಾಯ್’ ಮೇಲೆ. ಐದನೆಯದು ಮೂರು: ಬ್ರಾಡ್, ಶೋಲ್, ಡರ್ಡ್. ಅದರ ಬಾಲ ಡ್, ಒತ್ತು ‘ಶೋಲ್’ ಮೇಲೆ. ಮುಂದೆ ‘ಮ್ಯಾನ್’ ಸೇರಿಸಿ ಇನ್ನೊಮ್ಮೆ ಹೇಳಿ, ಒತ್ತು ‘ಬ್ರಾಡ್’ಗೆ ಬರಬೇಕು.